ಅಶ್ವಶಕ್ತಿಯ ಅಳತೆ: ಕೋಟೆಯ ಕಲ್ಲಿನಿಂದ ಡೈನಮೋಮೀಟರ್‌ವರೆಗೆ

ನಮ್ಮ ಕುರ್ಡಿ, ಮಾನ್ವಿ, ದೇವದುರ್ಗ ಭಾಗದಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಓಡಾಡುವ ಒಂದು ವಿಜ್ಞಾನದ ಪದವಿದೆ. ಅದು ‘ಎಚ್.ಪಿ.’. ಬೋರ್‌ವೆಲ್‌ಗೆ ಐದು ಎಚ್.ಪಿ. ಮೋಟಾರು ಸಾಕೋ, ಏಳೂವರೆ ಬೇಕೋ? ಎರೆ ಹೊಲದ ಆಳದ ಉಳುಮೆಗೆ ಮೂವತ್ತೈದು ಎಚ್.ಪಿ. ಟ್ರ್ಯಾಕ್ಟರ್ ತಾಳುತ್ತದೋ, ನಲವತ್ತೈದು ಬೇಕೋ? ಇಂಥ ಮಾತು ಚಹಾ ಅಂಗಡಿಯಲ್ಲಿ ದಿನವೂ ನಡೆಯುತ್ತದೆ. ಯುವಕರಂತೂ ಹೊಸ ಕಾರಿನ ಎಚ್.ಪಿ., ಟಾರ್ಕ್ ಅಂಕಿಗಳನ್ನು ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠ ಮಾಡಿರುತ್ತಾರೆ. ಆದರೆ ಈ ಅಂಕಿಯನ್ನು ಯಾರು ಅಳೆದರು, ಯಾವ ತಕ್ಕಡಿಯಲ್ಲಿ ಅಳೆದರು, ಆ ತಕ್ಕಡಿ ಎಷ್ಟು ನೆಟ್ಟಗಿದೆ ಎಂದು ಕೇಳುವವರು ಕಡಿಮೆ. ಲಕ್ಷಗಟ್ಟಲೆ ಸಾಲ ಮಾಡಿ ಯಂತ್ರ ಕೊಳ್ಳುವ ನಾವು ಈ ಪ್ರಶ್ನೆಯ ಇತಿಹಾಸವನ್ನು ತಿಳಿಯುವುದು ಅವಶ್ಯ.

ಎಣಿಕೆಯ ಕಾಲ

ಈ ಕಥೆಯನ್ನು ಯುರೋಪಿನಿಂದ ಆರಂಭಿಸುವ ಅಗತ್ಯವಿಲ್ಲ. ರಾಯಚೂರಿನ ಕೋಟೆಗೆ ಹೋದ ವಿದ್ಯಾರ್ಥಿಗಳು ಗೋಡೆಯಲ್ಲಿ ಕೂಡಿಸಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿಯನ್ನು ನೋಡಿರಬಹುದು. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಆ ಬೃಹತ್ ಕಲ್ಲನ್ನು ಗಾಡಿಯ ಮೇಲೆ ಹೇರಿ, ಜಾನುವಾರುಗಳ ಉದ್ದನೆಯ ಸಾಲು ಕಟ್ಟಿ ಎಳೆದು ತಂದ ದೃಶ್ಯವನ್ನೂ ಅಲ್ಲೇ ರೇಖೆಗಳಲ್ಲಿ ಕೊರೆದಿದ್ದಾರೆ. ಶಕ್ತಿಯ ಲೆಕ್ಕ ಅಂದು ಹೇಗಿತ್ತೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಕಲ್ಲು ಅಲುಗದಿದ್ದರೆ ಇನ್ನೊಂದು ಜೋಡಿ ಕಟ್ಟು. ಆಗಲೂ ಅಲುಗದಿದ್ದರೆ ಮತ್ತೊಂದು ಜೋಡಿ. ಅದು ಎಣಿಕೆಯೇ ಹೊರತು ಅಳತೆಯಲ್ಲ.

ತೂಕದ ಅಳತೆ ಮಾತ್ರ ಆ ಹೊತ್ತಿಗೆ ಬಹಳ ಮುಂದುವರಿದಿತ್ತು. ಮರ್ವ್ ನಗರದ ವಿದ್ವಾಂಸ ಅಲ್-ಖಾಜಿನಿ ಸುಮಾರು 1121ರಲ್ಲಿ ‘ಮೀಜಾನ್-ಉಲ್-ಹಿಕ್ಮಾ’ ಎಂಬ ಗ್ರಂಥ ಬರೆದು, ನೀರಿನಲ್ಲಿ ಮುಳುಗಿಸಿ ತೂಗುವ ಸೂಕ್ಷ್ಮ ತಕ್ಕಡಿಯಿಂದ ಲೋಹ ಮತ್ತು ರತ್ನಗಳ ಸಾಂದ್ರತೆಯನ್ನು ಕಂಡುಹಿಡಿಯುವ ಕ್ರಮವನ್ನು ವಿವರಿಸಿದನು. ಅಲ್-ಜಜರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪಶುಬಲದಿಂದ ಹಲ್ಲುಚಕ್ರ ತಿರುಗಿಸಿ ನೀರೆತ್ತುವ ಯಂತ್ರಗಳ ಚಿತ್ರಗಳಿವೆ. ನಮ್ಮ ನಾಡಿನಲ್ಲಿಯೂ ಕಪಿಲೆಯ ಬಾವಿಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಂತೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಚೀಲದ ತೂಕ, ಬಾವಿಯ ಆಳ, ಗಂಟೆಗೆ ಎಷ್ಟು ಚೀಲ ಎಂಬ ಮೂರನ್ನೂ ರೈತ ಬಲ್ಲವನಾಗಿದ್ದ. ಅವನ್ನು ಗುಣಿಸಿದರೆ ಸಿಗುವುದೇ ‘ಶಕ್ತಿ’, ಅಂದರೆ ಕೆಲಸ ನಡೆಯುವ ವೇಗ. ಇಂದಿನ ಲೆಕ್ಕದಲ್ಲಿ ಒಂದು ಜೋಡಿ ಎತ್ತು ಸುಮಾರು ಒಂದು ಅಶ್ವಶಕ್ತಿ ಎಂದು ಹೇಳುವುದು ವಾಡಿಕೆ. ಆದರೆ ಅಂದು ಹಾಗೆ ಗುಣಿಸಿ ಅದಕ್ಕೊಂದು ಹೆಸರಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಆ ಅಗತ್ಯ ಹುಟ್ಟಿದ್ದು ಯಂತ್ರವನ್ನು ಮಾರುವ ಅಂಗಡಿಯಲ್ಲಿ.

ವ್ಯಾಪಾರಕ್ಕೆ ಹುಟ್ಟಿದ ಮಾನ

ಜೇಮ್ಸ್ ವ್ಯಾಟ್ ಸುಧಾರಿಸಿದ ಉಗಿಯಂತ್ರವನ್ನು ಕೊಳ್ಳಬೇಕಾದ ಗಿರಣಿ ಮಾಲೀಕರ ಬಳಿ ಇದ್ದದ್ದು ಕುದುರೆಗಳು. ‘ನಿಮ್ಮ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ?’ ಎಂಬುದೇ ಅವರ ಪ್ರಶ್ನೆ. ವ್ಯಾಟ್ ಗಿರಣಿ ತಿರುಗಿಸುವ ಕುದುರೆಯ ಲೆಕ್ಕ ಹಾಕಿದನು. ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ಹಾಕುತ್ತದೆ. 180 ಪೌಂಡ್ ಬಲದಿಂದ ಎಳೆಯುತ್ತದೆ. ಗುಣಿಸಿದರೆ ನಿಮಿಷಕ್ಕೆ ಸುಮಾರು 32,500 ಅಡಿ-ಪೌಂಡ್ ಬರುತ್ತದೆ. ಅದನ್ನು 33,000 ಎಂದು ದುಂಡಾಗಿಸಿ 1783ರ ಸುಮಾರಿಗೆ ಒಂದು ಅಶ್ವಶಕ್ತಿ ಎಂದು ನಿಗದಿ ಮಾಡಲಾಯಿತು. ಇಂದಿನ ಮಾನದಲ್ಲಿ ಇದು 746 ವ್ಯಾಟ್. ಆ ವಿದ್ಯುತ್ ಮಾನಕ್ಕೂ ಮುಂದೆ ಅವನ ಹೆಸರನ್ನೇ ಇಟ್ಟರು.

ದಿನವಿಡೀ ದುಡಿಯುವ ಸಾಧಾರಣ ಕುದುರೆ ಇಷ್ಟು ಶಕ್ತಿಯನ್ನು ಕೊಡಲಾರದು. ಆದರೆ ಕೆಲವೇ ಕ್ಷಣ ಜೀವ ಬಿಟ್ಟು ಎಳೆದರೆ ಅದೇ ಕುದುರೆ ಸುಮಾರು 15 ಅಶ್ವಶಕ್ತಿ ಮುಟ್ಟಬಲ್ಲದು ಎಂದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರ ತೋರಿಸಿತು. ಇಲ್ಲಿ ಗಮನಿಸಬೇಕಾದ ಪಾಠವೊಂದಿದೆ. ಎಷ್ಟು ಹೊತ್ತು, ಯಾವ ಸ್ಥಿತಿಯಲ್ಲಿ ಎಂದು ಹೇಳದೆ ಶಕ್ತಿಯ ಅಂಕಿಯನ್ನು ಮಾತ್ರ ಹೇಳಿದರೆ ಅದು ಅರ್ಧ ಮಾತು. ಈ ಅರ್ಧ ಮಾತೇ ಮುಂದಿನ ಎರಡು ಶತಮಾನಗಳ ಎಲ್ಲ ಜಗಳಗಳ ಮೂಲ.

ಬಿರಿಯಿಂದ ಅಳೆಯುವ ವಿದ್ಯೆ

ಗ್ರೀಕ್ ಭಾಷೆಯಲ್ಲಿ ‘ಡೈನಮಿಸ್’ ಎಂದರೆ ಬಲ, ‘ಮೆಟ್ರನ್’ ಎಂದರೆ ಅಳತೆ. ಫ್ರಾನ್ಸಿನ ಎಡ್ಮೆ ರೆನಿಯೆ 1798ರಲ್ಲಿ ಪ್ರಕಟಿಸಿದ ಡೈನಮೋಮೀಟರ್ ಒಂದು ಉಕ್ಕಿನ ಸ್ಪ್ರಿಂಗ್. ಮನುಷ್ಯರ ಮತ್ತು ಪಶುಗಳ ಎಳೆತದ ಬಲವನ್ನು ಅದು ತೋರಿಸುತ್ತಿತ್ತು. ಅದು ಬಲವನ್ನಷ್ಟೇ ಹೇಳುತ್ತಿತ್ತು, ಶಕ್ತಿಯನ್ನಲ್ಲ. ತಿರುಗುವ ಯಂತ್ರದ ಶಕ್ತಿಯನ್ನು ಅಳೆಯುವ ಸುಲಭ ಉಪಾಯ ಕಂಡವನು ಗಾಸ್ಪಾರ್ ದ ಪ್ರೋನಿ. ವರ್ಷ 1821. ತಿರುಗುವ ಚಕ್ರವನ್ನು ಎರಡು ಮರದ ತುಂಡುಗಳಿಂದ ಅವುಚಿ ಹಿಡಿಯುವುದು; ಅದಕ್ಕೊಂದು ಉದ್ದನೆಯ ತೋಳು ಕಟ್ಟುವುದು; ತೋಳಿನ ತುದಿ ಚಕ್ರದ ಜೊತೆ ತಿರುಗಿ ಹೋಗದಂತೆ ತಕ್ಕಡಿಯಿಂದ ತಡೆಯುವುದು. ಇಷ್ಟೇ.

ಇಲ್ಲಿ ಟಾರ್ಕ್ ಎಂಬ ಮಾತನ್ನು ಸ್ಪಷ್ಟ ಮಾಡಿಕೊಳ್ಳೋಣ. ಟಾರ್ಕ್ ಎಂದರೆ ತಿರುಗಿಸುವ ಬಲ. ಗಟ್ಟಿಯಾದ ನಟ್ಟು ಬಿಚ್ಚಲು ಮೇಸ್ತ್ರಿ ಉದ್ದನೆಯ ಪಾನಾ ಹಿಡಿಯುತ್ತಾನೆ. ಕೈಯ ಬಲ ಅದೇ, ಆದರೆ ಹಿಡಿಕೆ ಉದ್ದವಾದ್ದರಿಂದ ತಿರುಗಿಸುವ ಬಲ ಹೆಚ್ಚುತ್ತದೆ. ಬಲವನ್ನು ತೋಳಿನ ಉದ್ದದಿಂದ ಗುಣಿಸಿದರೆ ಟಾರ್ಕ್. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ಶಕ್ತಿ. ಉದಾಹರಣೆಗೆ ತೋಳು 1 ಮೀಟರ್, ತಕ್ಕಡಿ ತೋರಿಸಿದ್ದು 10 ಕಿಲೋ, ಎಂಜಿನಿನ ವೇಗ ನಿಮಿಷಕ್ಕೆ 1500 ಸುತ್ತು ಎನ್ನಿ. ಟಾರ್ಕ್ 98.1 ನ್ಯೂಟನ್-ಮೀಟರ್. ಇದನ್ನು 1500ರಿಂದ ಗುಣಿಸಿ 9549ರಿಂದ ಭಾಗಿಸಿದರೆ 15.4 ಕಿಲೋವ್ಯಾಟ್, ಅಂದರೆ ಸುಮಾರು 20.7 ಅಶ್ವಶಕ್ತಿ.

ಈ ಲೆಕ್ಕದಲ್ಲೇ ತಪ್ಪಿನ ಬೀಜವೂ ಇದೆ. ತಕ್ಕಡಿ 10ರ ಬದಲು 10.5 ತೋರಿಸಿದರೆ ಉತ್ತರ 21.7 ಆಗುತ್ತದೆ. ಡೈನಮೋಮೀಟರ್ ಅಶ್ವಶಕ್ತಿಯನ್ನು ನೇರವಾಗಿ ನೋಡುವುದೇ ಇಲ್ಲ. ಅದು ನೋಡುವುದು ಒಂದು ಬಲ, ಒಂದು ಉದ್ದ, ಒಂದು ವೇಗ. ಈ ಮೂರರಲ್ಲಿ ಯಾವುದು ತಪ್ಪಿದರೂ ಅಷ್ಟೇ ಪ್ರಮಾಣದ ತಪ್ಪು ಅಶ್ವಶಕ್ತಿಗೂ ಅಂಟುತ್ತದೆ.

ಪ್ರೋನಿಯ ಬಿರಿ ಬೇಗ ಕಾದು ಹೊಗೆಯಾಡುತ್ತಿತ್ತು. ದೊಡ್ಡ ಹಡಗಿನ ಎಂಜಿನ್‌ಗಳಿಗಾಗಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ 1877ರಲ್ಲಿ ಮರದ ಬದಲು ನೀರಿನ ತಡೆಯನ್ನು ಬಳಸಿದನು. ನೀರೇ ಶಕ್ತಿಯನ್ನು ನುಂಗಿ ಬಿಸಿಯಾಗಿ ಹರಿದುಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಾಂತಕ್ಷೇತ್ರದ ತಡೆಯಿಂದ ಕೆಲಸ ಮಾಡುವ ಡೈನಮೋಮೀಟರ್‌ಗಳು ಬಂದವು. ತಡೆ ಬದಲಾಯಿತು, ತೋಳು, ತಕ್ಕಡಿ, ವೇಗ ಎಂಬ ತತ್ವ ಬದಲಾಗಲಿಲ್ಲ.

ಕನ್ನಡ ನಾಡಿನಲ್ಲಿ ಮಾರಾಟವಾದ ಅಶ್ವಶಕ್ತಿ

ಅಶ್ವಶಕ್ತಿ ಒಂದು ಸರಕಾಗಿ, ಕರಾರಿನ ಮೇಲೆ ಮಾರಾಟವಾದ ದೊಡ್ಡ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಎಂಜಿನಿಯರ್ ಜೋಲಿ ದ ಲೊಟ್‌ಬಿನಿಯೆರ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ಶಿವನಸಮುದ್ರದ ಕಾವೇರಿ ವಿದ್ಯುತ್ ಯೋಜನೆ 1902ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಅಲ್ಲಿಂದ 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಸುಮಾರು 4,000 ಅಶ್ವಶಕ್ತಿಯಷ್ಟು ವಿದ್ಯುತ್ತನ್ನು ಒದಗಿಸುವ ಒಪ್ಪಂದವಾಗಿತ್ತು. ದರ ಇಂದಿನಂತೆ ಯೂನಿಟ್ ಲೆಕ್ಕದಲ್ಲಿ ಇರಲಿಲ್ಲ. ವರ್ಷಕ್ಕೆ ಒಂದು ಅಶ್ವಶಕ್ತಿಗೆ ಇಷ್ಟು ಪೌಂಡ್ ಎಂದಿತ್ತು. ಹೀಗಾಗಿ ಅಳತೆಯ ನಿಖರತೆ ಪಾಠದ ವಿಷಯವಾಗಿ ಉಳಿಯದೆ ಮೈಸೂರು ಸಂಸ್ಥಾನದ ಬೊಕ್ಕಸದ ವಿಷಯವಾಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ.

ಆಗ ನಮ್ಮ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಂಥ ಬೃಹತ್ ಶಕ್ತಿಕೇಂದ್ರ ನಮ್ಮ ಕೃಷ್ಣಾ ದಡಕ್ಕೆ ಬರಲು ಬಹಳ ಕಾಲ ಹಿಡಿಯಿತು. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಅದೊಂದೇ ಘಟಕದ ಸಾಮರ್ಥ್ಯ 210 ಮೆಗಾವ್ಯಾಟ್. ವ್ಯಾಟನ ಕುದುರೆಗಳ ಲೆಕ್ಕದಲ್ಲಿ ಸುಮಾರು 2 ಲಕ್ಷ 81 ಸಾವಿರ.

ಕಾಗದದ ಕುದುರೆಗಳು

ಮೋಟಾರು ಕಾರು ಬಂದ ಮೇಲೆ ಅಶ್ವಶಕ್ತಿಗೆ ಹೊಸ ಗೊಂದಲ ಬಂತು. ಬ್ರಿಟನ್ನಿನಲ್ಲಿ 1910ರಿಂದ ಕಾರಿನ ತೆರಿಗೆಯನ್ನು ಒಂದು ಸೂತ್ರದ ಮೇಲೆ ಹಾಕುತ್ತಿದ್ದರು. ಸಿಲಿಂಡರಿನ ಅಗಲ ಮತ್ತು ಸಿಲಿಂಡರುಗಳ ಸಂಖ್ಯೆ ಇಷ್ಟೇ ಲೆಕ್ಕ. ಎಂಜಿನನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ತೆರಿಗೆ ಉಳಿಸಲು ತಯಾರಕರು ಸಿಲಿಂಡರನ್ನು ಕಿರಿದು ಮಾಡಿ ಉದ್ದ ಮಾಡಿದರು. ‘ಆಸ್ಟಿನ್ ಸೆವೆನ್’, ‘ಮಾರಿಸ್ ಟೆನ್’ ಎಂಬ ಹೆಸರುಗಳಲ್ಲಿನ ಏಳು, ಹತ್ತು ಈ ತೆರಿಗೆಯ ಕುದುರೆಗಳೇ. ಮಾರಿಸ್ ಟೆನ್ ಕಾರೇ ನಮ್ಮ ದೇಶದಲ್ಲಿ ‘ಹಿಂದೂಸ್ತಾನ್ ಟೆನ್’ ಆಯಿತು. ಆ ‘ಟೆನ್’ ಡೈನಮೋಮೀಟರ್ ಕಂಡ ಅಂಕಿಯಲ್ಲ.

ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ಆಟ ನಡೆಯಿತು. ಅಲ್ಲಿ ಡೈನಮೋಮೀಟರ್ ಇತ್ತು, ಆದರೆ ಎಂಜಿನನ್ನು ಬರಿಮೈಯಲ್ಲಿ ಪರೀಕ್ಷಿಸುತ್ತಿದ್ದರು. ಏರ್ ಫಿಲ್ಟರ್, ಸೈಲೆನ್ಸರ್, ಫ್ಯಾನ್ ಮುಂತಾದ ಹೊರೆಗಳನ್ನು ತೆಗೆದು ಬಂದ ‘ಗ್ರಾಸ್’ ಅಂಕಿಯನ್ನು ಜಾಹೀರಾತಿನಲ್ಲಿ ಹಾಕುತ್ತಿದ್ದರು. 1972ರಿಂದ ಎಲ್ಲ ಉಪಕರಣ ಜೋಡಿಸಿ ಅಳೆಯುವ ‘ನೆಟ್’ ಕ್ರಮ ರೂಢಿಗೆ ಬಂದಾಗ ಕಾಗದದ ಮೇಲಿನ ಕುದುರೆಗಳು ಒಮ್ಮೆಲೇ ಕಡಿಮೆಯಾದವು. ನಂತರವೂ ವಿವಾದ ನಿಲ್ಲಲಿಲ್ಲ. 1999ರಲ್ಲಿ ಫೋರ್ಡ್ ಕಂಪನಿಯ ಮಸ್ಟಾಂಗ್ ಕೋಬ್ರಾ ಕಾರಿಗೆ 320 ಅಶ್ವಶಕ್ತಿ ಎಂದು ಸಾರಲಾಗಿತ್ತು. ಕೊಂಡವರು ಡೈನಮೋಮೀಟರ್ ಮೇಲೆ ಹತ್ತಿಸಿದಾಗ ಕುದುರೆಗಳು ಕಡಿಮೆ ಕಂಡವು. ಕಂಪನಿ ಕೊರತೆಯನ್ನು ಒಪ್ಪಿ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಟ್ಟಿತು. 2002ರಲ್ಲಿ ಹ್ಯೂಂಡೈ ಕೂಡ ಅಮೆರಿಕದಲ್ಲಿ ಮಾರಿದ ಹಲವು ಮಾದರಿಗಳ ಅಂಕಿ ಹೆಚ್ಚಾಗಿ ನಮೂದಾಗಿತ್ತೆಂದು ಒಪ್ಪಿಕೊಂಡಿತು. 2005ರಲ್ಲಿ ಅಲ್ಲಿನ ಎಂಜಿನಿಯರುಗಳ ಸಂಘವು, ಸ್ವತಂತ್ರ ಸಾಕ್ಷಿಯೊಬ್ಬರು ಪರೀಕ್ಷೆಯ ವೇಳೆ ಹಾಜರಿರುವ ಪ್ರಮಾಣೀಕರಣ ಕ್ರಮವನ್ನು ಜಾರಿಗೆ ತಂದಿತು.

ಇನ್ನೊಂದು ಸಣ್ಣ ವಿಷಯ. ವ್ಯಾಟನ ಅಶ್ವಶಕ್ತಿ 746 ವ್ಯಾಟ್ ಆದರೆ, ಯುರೋಪಿನ ಮೆಟ್ರಿಕ್ ಅಶ್ವಶಕ್ತಿ 735.5 ವ್ಯಾಟ್. ಕಾರಿನ ಪುಸ್ತಿಕೆಯಲ್ಲಿ ‘ಪಿ.ಎಸ್.’ ಎಂದಿದ್ದರೆ ಅದು ಎರಡನೆಯದು. ಒಂದೇ ಎಂಜಿನ್ ಒಂದು ಕಡೆ 100, ಇನ್ನೊಂದು ಕಡೆ 101.4 ಆಗಿ ಕಾಣಬಹುದು. ಇಲ್ಲಿ ಮೋಸವಿಲ್ಲ, ಮಾನ ಬೇರೆ ಅಷ್ಟೇ.

ಎಷ್ಟು ನಂಬಬಹುದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎಂಜಿನನ್ನು ಕಾರಿನಿಂದ ಹೊರತೆಗೆದು ಪ್ರಯೋಗಾಲಯದಲ್ಲಿ ಅಳೆದರೆ, ತೂಕದ ಬಟ್ಟುಗಳಿಂದ ಆಗಾಗ ಸರಿನೋಡಿದ ಒಳ್ಳೆಯ ಡೈನಮೋಮೀಟರ್ ನೂರಕ್ಕೆ ಒಂದರ ಆಸುಪಾಸಿನ ವ್ಯತ್ಯಾಸದಲ್ಲಿ ಉತ್ತರ ಕೊಡಬಲ್ಲದು. ಆದರೆ ನಗರಗಳ ಗ್ಯಾರೇಜುಗಳಲ್ಲಿ ಇರುವುದು ಬೇರೆ ಜಾತಿ. ಅಲ್ಲಿ ಇಡೀ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಚಕ್ರ ತಿರುಗಿಸುತ್ತಾರೆ. ಕೆಲವು ಯಂತ್ರಗಳಲ್ಲಿ ಭಾರವಾದ ಉರುಳೆ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದಲೇ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಎಂಜಿನಿನಿಂದ ಚಕ್ರ ತಲುಪುವಷ್ಟರಲ್ಲಿ ಗೇರು, ಬೇರಿಂಗು, ಟೈರುಗಳು ತಮ್ಮ ಪಾಲು ಕತ್ತರಿಸಿಕೊಂಡಿರುತ್ತವೆ. ಚಕ್ರದಲ್ಲಿ 85 ಬಂದರೆ, ನಷ್ಟ ನೂರಕ್ಕೆ 15 ಇರಬಹುದೆಂದು ಊಹಿಸಿ ‘ಎಂಜಿನ್ 100’ ಎಂದು ಬರೆದುಕೊಡುತ್ತಾರೆ. ನಿಜವಾದ ನಷ್ಟ 12 ಇದ್ದರೆ ಎಂಜಿನ್ 96.6; 18 ಇದ್ದರೆ 103.7. ಯಂತ್ರ ಅಳೆದದ್ದು 85 ಮಾತ್ರ, ಉಳಿದದ್ದು ಊಹೆ. ಟೈರಿನ ಗಾಳಿ, ಕಾರನ್ನು ಬಿಗಿದ ಪಟ್ಟಿಯ ಸೆಳೆತ, ಹಾಕಿದ ಗೇರು, ಎಂಜಿನ್ ಎಷ್ಟು ಕಾದಿದೆ ಎಂಬುದು ಸಹ ಅಂಕಿಯನ್ನು ಅಲುಗಿಸುತ್ತವೆ.

ಹವಾಮಾನದ ಪಾತ್ರವಂತೂ ನಮ್ಮ ಜಿಲ್ಲೆಯವರಿಗೆ ಬಹಳ ಮುಖ್ಯ. ಎಂಜಿನ್ ಉಸಿರಾಡುವುದು ಗಾಳಿಯನ್ನು. ಬಿಸಿ ಗಾಳಿ ತೆಳುವಾದುದು. ಅಮೆರಿಕದ ಮಾನಕವೊಂದರಲ್ಲಿ 25 ಡಿಗ್ರಿ ಉಷ್ಣತೆ ಮತ್ತು 99 ಕಿಲೋಪಾಸ್ಕಲ್ ಒತ್ತಡದ ಒಣಗಾಳಿಯನ್ನು ಆಧಾರವಾಗಿ ಹಿಡಿದಿದ್ದಾರೆ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ನಮಗೆ ಹೊಸದಲ್ಲ. ಆ ಮಾನಕದ ಸೂತ್ರದಲ್ಲೇ ಲೆಕ್ಕ ಹಾಕಿದರೆ, ಟರ್ಬೊ ಇಲ್ಲದ 100 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ನಮ್ಮ ಮೇ ತಿಂಗಳ ಮಧ್ಯಾಹ್ನ ಸುಮಾರು 94 ಮಾತ್ರ ಕೊಡುತ್ತದೆ. ಡೈನಮೋಮೀಟರಿನ ಗಣಕ ಈ ಕೊರತೆಯನ್ನು ‘ತಿದ್ದಿ’ ಮತ್ತೆ 100 ಎಂದೇ ಮುದ್ರಿಸಬಹುದು. ಹೋಲಿಕೆಗೆ ತಿದ್ದಿದ ಅಂಕಿ ಬೇಕು, ರಸ್ತೆಯಲ್ಲಿ ಸಿಗುವುದು ತಿದ್ದದ ಅಂಕಿ. ಎರಡೂ ಸತ್ಯವೇ, ಯಾವುದು ಯಾವುದೆಂದು ಹೇಳಬೇಕಷ್ಟೆ.

ಆದ್ದರಿಂದ ತಿಳಿದವರು ಹೇಳುವುದು ಇಷ್ಟು: ಒಂದೇ ಯಂತ್ರದ ಮೇಲೆ, ಒಂದೇ ದಿನ, ದುರಸ್ತಿಗೆ ಮೊದಲು ಮತ್ತು ನಂತರ ಅಳೆದ ವ್ಯತ್ಯಾಸವನ್ನು ನಂಬಬಹುದು. ಬೇರೆ ಊರಿನ ಬೇರೆ ಯಂತ್ರದ ಅಂಕಿಯೊಡನೆ ಹೋಲಿಸಿ ಜಗಳವಾಡುವುದು ವ್ಯರ್ಥ.

ಯಂತ್ರ ಸರಿಯಿದ್ದರೂ ಪರೀಕ್ಷೆಗೆ ಬಂದವನು ಪ್ರಾಮಾಣಿಕನಲ್ಲದಿದ್ದರೆ? 2015ರಲ್ಲಿ ಫೋಕ್ಸ್‌ವ್ಯಾಗನ್ ಪ್ರಕರಣ ಇದನ್ನೇ ಜಗತ್ತಿಗೆ ತೋರಿಸಿತು. ಆ ಡೀಸೆಲ್ ಕಾರುಗಳ ತಂತ್ರಾಂಶ, ತಾನು ಉರುಳೆಗಳ ಮೇಲೆ ಪರೀಕ್ಷೆಯಲ್ಲಿದ್ದೇನೆಂದು ಗುರುತಿಸಿ ಹೊಗೆಯನ್ನು ಹತೋಟಿಯಲ್ಲಿ ಇಡುತ್ತಿತ್ತು. ರಸ್ತೆಗೆ ಇಳಿದ ಕೂಡಲೇ ಬಿಟ್ಟುಬಿಡುತ್ತಿತ್ತು. ಅಮೆರಿಕದ ವಿಶ್ವವಿದ್ಯಾಲಯವೊಂದರ ಸಂಶೋಧಕರು ಕಾರನ್ನು ರಸ್ತೆಯಲ್ಲೇ ಓಡಿಸಿ ಅಳೆದಾಗ ಈ ವ್ಯತ್ಯಾಸ ಬಯಲಿಗೆ ಬಂತು. ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಶಿಸ್ತಾಗಿರುವ ವಿದ್ಯಾರ್ಥಿಯ ನೆನಪು ಬಂದರೆ ಆಶ್ಚರ್ಯವಿಲ್ಲ.

ನಮ್ಮ ಹೊಲದ ಲೆಕ್ಕ

ಕಾರಿಗಿಂತ ನಮಗೆ ಹತ್ತಿರದ್ದು ಟ್ರ್ಯಾಕ್ಟರ್. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಅಲ್ಲಿ 1959ರಿಂದ ಟ್ರ್ಯಾಕ್ಟರ್ ಪರೀಕ್ಷೆ ನಡೆಯುತ್ತಿದೆ. ಹಿಂದಿನ ಪಿ.ಟಿ.ಓ. ದಂಡಕ್ಕೆ ಡೈನಮೋಮೀಟರ್ ಜೋಡಿಸಿ ಶಕ್ತಿಯನ್ನು ಅಳೆಯುತ್ತಾರೆ. ಸಾಮಾನ್ಯ ಹವೆಯಲ್ಲಿ ಮಾತ್ರವಲ್ಲ, 43 ಡಿಗ್ರಿ ಆಸುಪಾಸಿನ ಬಿಸಿಯಲ್ಲೂ ಅಳೆಯುವ ಪದ್ಧತಿ ನಮ್ಮ ದೇಶದ ಪರೀಕ್ಷೆಯಲ್ಲಿದೆ. ರಾಯಚೂರಿನ ರೈತ ನೋಡಬೇಕಾದ ಸಾಲು ಅದೇ. ಎಂಜಿನ್ 45 ಎಚ್.ಪಿ. ಎಂದಿದ್ದರೂ ಪಿ.ಟಿ.ಓ.ದಲ್ಲಿ ಸಾಮಾನ್ಯವಾಗಿ 38ರಿಂದ 40 ಸಿಗುತ್ತದೆ. ಒದ್ದೆ ಎರೆ ನೆಲದಲ್ಲಿ ಚಕ್ರ ಜಾರಿದಾಗ ನೇಗಿಲಿಗೆ ಸಿಗುವುದು ಇನ್ನೂ ಕಡಿಮೆ. ನಮಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲೂ ಇಂಥದೇ ದಕ್ಷಿಣ ವಲಯದ ಸಂಸ್ಥೆಯಿದೆ.

ಇನ್ನು ಪಂಪ್‌ಸೆಟ್. ನಮ್ಮ ರಾಜ್ಯದಲ್ಲಿ ಹಲವು ವರ್ಷ ನೀರಾವರಿ ಪಂಪುಗಳಿಗೆ ಮೀಟರ್ ಓದದೆ, ಎಚ್.ಪಿ.ಗೆ ವರ್ಷಕ್ಕೆ ಇಷ್ಟು ಎಂದು ದರ ಹಾಕುತ್ತಿದ್ದರು. 2008ರಿಂದ 10 ಎಚ್.ಪಿ.ವರೆಗಿನ ಪಂಪುಗಳಿಗೆ ವಿದ್ಯುತ್ ಉಚಿತವಾಯಿತು. ಎರಡೂ ಕ್ರಮಗಳಲ್ಲಿ ಲೆಕ್ಕ ನಿಂತಿರುವುದು ಮೋಟಾರಿನ ಮೇಲಿನ ಪುಟ್ಟ ತಗಡಿನ ಫಲಕದ ಮೇಲೆ. ಎಚ್.ಪಿ. ಆಧಾರದ ದರವಿದ್ದ ಕಡೆಗಳಲ್ಲಿ ನಿಜವಾದ ಸಾಮರ್ಥ್ಯಕ್ಕಿಂತ ಕಡಿಮೆ ಅಂಕಿ ಕೊರೆದ ಫಲಕಗಳು ದೇಶದ ಹಲವೆಡೆ ಕಂಡುಬಂದಿವೆ. ಕಾರಿನ ಮಾರುಕಟ್ಟೆಯಲ್ಲಿ ಅಂಕಿ ಉಬ್ಬಿದರೆ, ಪಂಪಿನ ಮಾರುಕಟ್ಟೆಯಲ್ಲಿ ಅಂಕಿ ಕುಗ್ಗಿತು. ಲಾಭ ಎತ್ತ ಇದೆಯೋ ಅತ್ತ ಅಂಕಿ ವಾಲುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರಿಂದ ಯಾರಿಗೆ ನಷ್ಟ? ಲೆಕ್ಕ ಮಾಡಿ ನೋಡೋಣ. 25 ಕೆ.ವಿ.ಎ. ಟಿ.ಸಿ. ಒಂದು ಸುಮಾರು 20 ಕಿಲೋವ್ಯಾಟ್ ಹೊರೆ ಹೊರಬಲ್ಲದು. ನಿಜವಾದ 5 ಎಚ್.ಪಿ. ಪಂಪು ತಂತಿಯಿಂದ ಸುಮಾರು 5 ಕಿಲೋವ್ಯಾಟ್ ಎಳೆಯುತ್ತದೆ. ನಾಲ್ಕು ಪಂಪಿಗೆ ಟಿ.ಸಿ. ಸರಿಹೋಯಿತು. ಫಲಕದಲ್ಲಿ ಐದು, ಒಳಗೆ ಏಳೂವರೆ ಇದ್ದರೆ ನಾಲ್ಕೂ ಸೇರಿ 30 ಕಿಲೋವ್ಯಾಟ್. ಮೊದಲು ವೋಲ್ಟೇಜ್ ಇಳಿಯುತ್ತದೆ, ಮೋಟಾರು ಕಾಯುತ್ತದೆ, ಕೊನೆಗೆ ಟಿ.ಸಿ. ಸುಡುತ್ತದೆ. ಬೆಳೆ ನೀರು ಬೇಡುವ ವಾರದಲ್ಲೇ ನಾಲ್ಕು ಮನೆಯವರೂ ಹೊಸ ಟಿ.ಸಿ.ಗಾಗಿ ಕಾಯುತ್ತಾರೆ. ನಿಜವಾದ ಐದೇ ಎಚ್.ಪಿ. ಇಟ್ಟುಕೊಂಡ ನೆರೆಯವನ ಹೊಲವೂ ಒಣಗುತ್ತದೆ. ತಪ್ಪು ಅಳತೆಯ ದಂಡವನ್ನು ತಪ್ಪು ಮಾಡದವನೂ ತೆರುತ್ತಾನೆ.

ವಿದ್ಯಾರ್ಥಿ ಮಿತ್ರರಿಗೆ

ಈ ವಿದ್ಯೆ ನಮಗೆ ದೂರದ್ದಲ್ಲ. ಐ.ಟಿ.ಐ., ಪಾಲಿಟೆಕ್ನಿಕ್ ಪ್ರಯೋಗಾಲಯಗಳಲ್ಲಿ ಮೋಟಾರಿನ ಡ್ರಮ್ಮಿಗೆ ಪಟ್ಟಿ ಸುತ್ತಿ, ಎರಡು ತುದಿಗೆ ಎರಡು ಸ್ಪ್ರಿಂಗ್ ತಕ್ಕಡಿ ಕಟ್ಟಿ ಮಾಡುವ ‘ಬ್ರೇಕ್ ಟೆಸ್ಟ್’ ಪ್ರೋನಿಯ 1821ರ ವಿದ್ಯೆಯ ಮಗನೇ. ಎರಡು ತಕ್ಕಡಿಗಳ ವ್ಯತ್ಯಾಸ 8 ಕಿಲೋ, ಡ್ರಮ್ಮಿನ ತ್ರಿಜ್ಯ ಹನ್ನೆರಡೂವರೆ ಸೆಂಟಿಮೀಟರ್, ವೇಗ ನಿಮಿಷಕ್ಕೆ 1440 ಸುತ್ತು ಇದ್ದರೆ ಉತ್ತರ ಸುಮಾರು 2 ಎಚ್.ಪಿ. ಹತ್ತನೆಯ ತರಗತಿಯ ಗಣಿತ ಬಲ್ಲವರು ಈ ಲೆಕ್ಕವನ್ನು ಮಾಡಬಲ್ಲರು. ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ವಿಜ್ಞಾನ ಓದುವ ನಮ್ಮ ಮಕ್ಕಳು, ವಿಶೇಷವಾಗಿ ಗ್ಯಾರೇಜು ಮತ್ತು ರಿವೈಂಡಿಂಗ್ ಅಂಗಡಿಗಳ ಕುಟುಂಬದಿಂದ ಬಂದವರು, ಈ ಕಡೆ ಮನಸ್ಸು ಮಾಡಬೇಕು. ಕೈಕಸುಬು ಅವರಿಗೆ ಮನೆಯಿಂದ ಬಂದಿದೆ. ಅದಕ್ಕೆ ಅಳತೆಯ ವಿದ್ಯೆ ಸೇರಿದರೆ ಅವರ ಮಾತಿಗೆ ಊರಿನಲ್ಲಿ ಬೆಲೆ ಹೆಚ್ಚುತ್ತದೆ.

ಮನೆಗೆ ಮೋಟಾರೋ ಟ್ರ್ಯಾಕ್ಟರೋ ಕಾರೋ ಕೊಳ್ಳುವ ಮಾತು ಬಂದಾಗ ಹಿರಿಯರ ಪರವಾಗಿ ನೀವು ನಾಲ್ಕು ಪ್ರಶ್ನೆ ಕೇಳಿ. ಈ ಎಚ್.ಪಿ.ಯನ್ನು ಅಳೆದವರು ಯಾರು? ಎಲ್ಲಿ ಅಳೆದರು, ಎಂಜಿನಿನಲ್ಲೋ, ಪಿ.ಟಿ.ಓ.ದಲ್ಲೋ, ಚಕ್ರದಲ್ಲೋ? ಎಷ್ಟು ಬಿಸಿಯಲ್ಲಿ ಅಳೆದರು? ಅಳೆದ ತಕ್ಕಡಿಯನ್ನು ಕೊನೆಯ ಸಲ ಸರಿನೋಡಿದ್ದು ಯಾವಾಗ? ಮಾರುವವರು ಉತ್ತರ ಕೊಟ್ಟರೆ ಬರೆದು ಕೊಡಲು ಹೇಳಿ. ಕೊಡದಿದ್ದರೆ ಪರೀಕ್ಷಾ ವರದಿಯನ್ನು ಕೇಳಿ ತರಿಸಿ, ಓದಿದ ಮೇಲೆಯೇ ಮುಂಗಡ ಹಣ ಕೊಡಿಸಿ.